ಆನುವಂಶಿಕ ಕರುಳಿನ ಪಾಲಿಪುಗಳೂ ಥೈರಾಯಿಡ್ ಗ್ರಂಥಿಯ ತಪಾಸಣೆಯೂ

ಶರೀರದ ಒಂದು ಅಂಗದಲ್ಲಿ ಕಂಡ ರೋಗವು ಅದಕ್ಕೆ ದೂರವಾದ ಮತ್ತೊಂದು ಅಂಗವನ್ನು ಪರೀಕ್ಷಿಸಲು ಕಾರಣವಾಗುವುದುಂಟು. ಆನುವಂಶಿಕವಾಗಿ ಬಂದ ಪಾಲಿಪು ರೋಗದ ನಿಮಿತ್ತ ದೊಡ್ಡ ಕರುಳನ್ನು ತೆಗೆಸಿಕೊಂಡ ಇಪ್ಪತ್ತು ವರ್ಷದ ತರುಣಿಗೆ, ಕೊರಳಿನ ತಪಾಸಣೆಯನ್ನೂ ಮಾಡಿಸಿಕೊಳ್ಳಬೇಕೆಂದು ವೈದ್ಯರು ಹೇಳಿದರೆ, ಹೊಟ್ಟೆಯ ರೋಗಕ್ಕೂ ಕೊರಳಿಗೂ ಏನು ಸಂಬಂಧವೆಂದು ಅವಳ ಮನೆಯವರು ಕೇಳುವುದು ಸಹಜವೇ. ಆ ಪ್ರಶ್ನೆಗೆ ಉತ್ತರವಿದೆ. ಆದರೆ ಅದರ ಬೆನ್ನಿಗೇ ಮತ್ತೊಂದು ಪ್ರಶ್ನೆ ಏಳುತ್ತದೆ: ಸಂಬಂಧವಿದ್ದ ಮಾತ್ರಕ್ಕೆ ತಪಾಸಣೆಯಿಂದ ಹಿತವಾಗುವುದೆ? ಥೈರಾಯಿಡ್ ಗ್ರಂಥಿಯ ವಿಷಯದಲ್ಲಿ ಈ ಎರಡನೆಯ ಪ್ರಶ್ನೆಯು ಬಹಳ ಮುಖ್ಯವಾದುದು. ಏಕೆಂದರೆ, ಆರೋಗ್ಯವಂತರ ಕೊರಳನ್ನು ಸಾರಾಸಗಟಾಗಿ ಪರೀಕ್ಷಿಸಹೊರಟ ಒಂದು ದೇಶದಲ್ಲಿ ತಪಾಸಣೆಯಿಂದಲೇ ಹಾನಿಯಾದ ನಿದರ್ಶನ ನಮ್ಮ ಕಣ್ಣೆದುರಿಗಿದೆ. ಒಂದೇ ಪರೀಕ್ಷೆಯು ಒಂದು ಗುಂಪಿನವರಿಗೆ ಹಾನಿಕರವೂ ಮತ್ತೊಂದು ಗುಂಪಿನವರಿಗೆ ಯುಕ್ತವೂ ಹೇಗಾಗಬಲ್ಲುದೆಂಬುದನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

೧. ರೋಗದ ಸ್ವರೂಪ

ಕರುಳಿನ ಒಳಪೊರೆಯ ಮೇಲೆ ಸಣ್ಣ ಅಣಬೆಯಂತೆ ಮೇಲೆದ್ದು ಬೆಳೆಯುವ ಮಾಂಸಾಂಕುರಕ್ಕೆ ಪಾಲಿಪು ಎಂದು ಹೆಸರು. ವಯಸ್ಸಾದವರ ದೊಡ್ಡ ಕರುಳಿನಲ್ಲಿ ಇಂಥ ಒಂದೆರಡು ಅಂಕುರಗಳು ಕಾಣುವುದು ಅಪರೂಪವೇನೂ ಅಲ್ಲ. ಆದರೆ ಕೆಲವು ಮನೆತನಗಳಲ್ಲಿ ಎಳೆಯ ವಯಸ್ಸಿನಲ್ಲಿಯೇ ಅವು ಹುಟ್ಟತೊಡಗಿ, ನೂರಾರು, ಕೆಲವೊಮ್ಮೆ ಸಾವಿರಾರು ಸಂಖ್ಯೆಯಲ್ಲಿ ಕರುಳಿನ ಒಳಗೋಡೆಯನ್ನೆಲ್ಲ ಮುಚ್ಚಿಬಿಡುತ್ತವೆ. ವೈದ್ಯರು ಇದನ್ನು ಫೆಮಿಲಿಯಲ್ ಅಡಿನೊಮ್ಯಾಟಸ್ ಪಾಲಿಪೋಸಿಸ್ ಎಂದು ಕರೆಯುತ್ತಾರೆ. ಸೌಕರ್ಯಕ್ಕಾಗಿ ಇಲ್ಲಿ ನಾವು ಕೌಟುಂಬಿಕ ಪಾಲಿಪು ರೋಗವೆಂದು ಹೇಳೋಣ. ಸುಮಾರು ಹತ್ತು ಸಾವಿರ ಜನನಗಳಿಗೆ ಒಂದರಂತೆ ಇದು ಕಂಡುಬರುತ್ತದೆ. ಅಂಕುರಗಳಲ್ಲಿ ಪ್ರತಿಯೊಂದೂ ಏಡಿಗಂತಿಯಾಗಿ, ಎಂದರೆ ಕ್ಯಾನ್ಸರಾಗಿ, ಪರಿಣಮಿಸುವುದಿಲ್ಲ. ಆದರೆ ಅವುಗಳ ಸಂಖ್ಯೆಯೇ ಅಷ್ಟು ದೊಡ್ಡದಾದ ಕಾರಣ, ಚಿಕಿತ್ಸೆಯಿಲ್ಲದೆ ಬಿಟ್ಟರೆ ನಲವತ್ತನೆಯ ವಯಸ್ಸಿನ ಸುಮಾರಿಗೆ ಬಹುಮಟ್ಟಿಗೆ ಎಲ್ಲ ರೋಗಿಗಳಲ್ಲಿಯೂ ದೊಡ್ಡ ಕರುಳಿನ ಏಡಿಗಂತಿ ತಲೆದೋರುತ್ತದೆ. ಆದುದರಿಂದಲೇ ಇಂಥ ಮನೆತನದ ಮಕ್ಕಳಿಗೆ ಹತ್ತು ಹನ್ನೆರಡನೆಯ ವಯಸ್ಸಿನಿಂದಲೇ ಕರುಳುದರ್ಶಕದ ಮೂಲಕ ಪರೀಕ್ಷೆ ನಡೆಸಿ, ಅಂಕುರಗಳು ಹೆಚ್ಚಿದಾಗ ದೊಡ್ಡ ಕರುಳನ್ನು ತೆಗೆದುಹಾಕುವ ಪದ್ಧತಿ ನೆಲೆಗೊಂಡಿದೆ.

ಈ ರೋಗವು ಪ್ರಬಲ ಗುಣವಾಗಿ ವಂಶದಲ್ಲಿ ಇಳಿದುಬರುತ್ತದೆ. ತಂದೆತಾಯಿಗಳಲ್ಲಿ ಒಬ್ಬರಿಗೆ ರೋಗವಿದ್ದರೆ ಅವರ ಪ್ರತಿಯೊಂದು ಮಗುವಿಗೂ ಅದು ಬರುವ ಸಂಭವ ಅರ್ಧದಷ್ಟು. ಗಂಡು ಹೆಣ್ಣೆಂಬ ಭೇದ ಇಲ್ಲಿಲ್ಲ. ರೋಗಿಗಳಲ್ಲಿ ಸುಮಾರು ನಾಲ್ಕರಲ್ಲಿ ಒಬ್ಬರಿಗೆ ವಂಶದಲ್ಲಿ ಹಿಂದೆ ಯಾರಿಗೂ ಇಲ್ಲದೆ, ಹೊಸದಾಗಿ ಉಂಟಾದ ಜೀನಿನ ವ್ಯತ್ಯಾಸದಿಂದ ರೋಗವು ಬರುತ್ತದೆ. ನಮ್ಮ ಕಡೆ ರೂಢಿಯಲ್ಲಿರುವ ಸೋದರಮಾವನ ಅಥವಾ ಅತ್ತೆಯ ಮಗನ ಮದುವೆಗೂ ಈ ರೋಗಕ್ಕೂ ಕಾರಣಸಂಬಂಧವಿಲ್ಲವೆಂಬುದನ್ನು ವಿದ್ಯಾರ್ಥಿಗಳು ಗಮನಿಸಬೇಕು. ರಕ್ತಸಂಬಂಧದ ಮದುವೆಯಿಂದ ಸಂಭವ ಹೆಚ್ಚುವುದು ದುರ್ಬಲ ಗುಣವಾಗಿ ಬರುವ ರೋಗಗಳಿಗೆ. ೨೦೦೨ರಲ್ಲಿ ಗುರುತಿಸಲ್ಪಟ್ಟ, ಮ್ಯೂಟಿವೈಎಚ್ ಎಂಬ ಬೇರೆ ಜೀನಿನಿಂದುಂಟಾಗುವ ಪಾಲಿಪು ರೋಗವು ಆ ಬಗೆಯದು.

೨. ಕರುಳಿನಿಂದ ಕೊರಳಿಗೆ

ಈ ರೋಗದ ಅಧ್ಯಯನಕ್ಕೆ ಭದ್ರವಾದ ತಳಹದಿ ಹಾಕಿದುದು ಲಂಡನ್ನಿನ ಸೇಂಟ್ ಮಾರ್ಕ್ಸ್ ಆಸ್ಪತ್ರೆ. ಅಲ್ಲಿ ೧೯೨೦ರ ದಶಕದಲ್ಲಿ ಶಸ್ತ್ರವೈದ್ಯ ಲಾಕ್‌ಹಾರ್ಟ್-ಮಮ್ಮೆರಿಯವರು ರೋಗಪೀಡಿತ ಮನೆತನಗಳ ದಾಖಲೆಯನ್ನು ಆರಂಭಿಸಿದರು. ರೋಗನಿದಾನ ತಜ್ಞ ಕತ್‌ಬರ್ಟ್ ಡ್ಯೂಕ್ಸ್ ಅವರೂ ಅವರ ಸಹಾಯಕರಾಗಿದ್ದ ಬಸ್ಸಿಯವರೂ ಅದನ್ನು ದಶಕಗಳ ಕಾಲ ಎಡೆಬಿಡದೆ ಬೆಳೆಸಿದರು. ಒಂದೊಂದು ಮನೆತನದ ವಂಶವೃಕ್ಷವನ್ನು ತಲೆಮಾರುಗಳವರೆಗೆ ಹಿಂಬಾಲಿಸಿದ ಈ ಕೆಲಸದ ಬೆಲೆ ಮುಂದೆ ಗೊತ್ತಾಯಿತು.

ರೋಗವು ಕರುಳಿಗಷ್ಟೇ ಸೀಮಿತವಲ್ಲವೆಂಬ ಅಂಶವನ್ನು ಬೆಳಕಿಗೆ ತಂದವರಲ್ಲಿ ಎಲ್ಡನ್ ಗಾರ್ಡ್‌ನರ್ ಮುಖ್ಯರು. ಅವರು ವೈದ್ಯರಲ್ಲ, ಅಮೆರಿಕದ ಯೂಟಾ ಪ್ರಾಂತದಲ್ಲಿ ತಳಿಶಾಸ್ತ್ರವನ್ನು ಬೋಧಿಸುತ್ತಿದ್ದ ಅಧ್ಯಾಪಕರು. ಕರುಳಿನ ಏಡಿಗಂತಿಯಿಂದ ಹಲವರು ಸತ್ತ ಒಂದು ಮನೆತನದ ವಿಷಯವನ್ನು ತರಗತಿಯಲ್ಲಿ ವಿದ್ಯಾರ್ಥಿಯೊಬ್ಬನು ಪ್ರಸ್ತಾಪಿಸಿದುದೇ ಅವರ ಸಂಶೋಧನೆಗೆ ಮೊದಲಾಯಿತು. ೧೯೫೧ರಿಂದ ಪ್ರಕಟವಾದ ಅವರ ಲೇಖನಗಳಲ್ಲಿ, ಪಾಲಿಪುಗಳ ಜೊತೆಗೆ ತಲೆಬುರುಡೆ ಮತ್ತು ದವಡೆಯ ಎಲುಬಿನಲ್ಲಿ ಗಂಟುಗಳೂ ಚರ್ಮದಡಿಯಲ್ಲಿ ಕೋಶಗಳೂ ಬೆಳೆಯುವುದನ್ನು ಅವರು ವರ್ಣಿಸಿದರು.

ಥೈರಾಯಿಡ್ ಗ್ರಂಥಿಯ ಸಂಬಂಧವು ನಿಧಾನವಾಗಿ ತಿಳಿದುಬಂತು. ೧೯೪೯ರಲ್ಲಿ ಕ್ರೇಲ್ ಎಂಬ ವೈದ್ಯರು, ಒಬ್ಬನೇ ರೋಗಿಯಲ್ಲಿ ಗುದನಾಳ, ಮೆದುಳು, ಥೈರಾಯಿಡ್ ಈ ಮೂರರಲ್ಲಿಯೂ ಬೇರೆ ಬೇರೆಯಾಗಿ ಹುಟ್ಟಿದ ಏಡಿಗಂತಿಗಳನ್ನು ವರದಿ ಮಾಡಿದ್ದರು. ಅದು ಕಾಕತಾಳೀಯವಿರಬಹುದೆಂದು ಭಾವಿಸಲು ಆಗ ಅವಕಾಶವಿತ್ತು. ೧೯೬೮ರಲ್ಲಿ ಕ್ಯಾಮಿಯೆಲ್ ಮತ್ತು ಸಂಗಡಿಗರು, ಗಾರ್ಡ್‌ನರ್ ವರ್ಣಿಸಿದ ರೋಗವಿದ್ದ ಒಡಹುಟ್ಟಿದವರಲ್ಲಿ ಥೈರಾಯಿಡಿನ ಏಡಿಗಂತಿಯನ್ನು ಕಂಡ ಮೇಲೆ ಆ ಅವಕಾಶವು ಕುಗ್ಗಿತು. ಕೊನೆಗೆ ೧೯೮೭ರಲ್ಲಿ ಬಸ್ಸಿಯವರೂ ಸೇರಿ ಪ್ರಕಟಿಸಿದ ಲೆಕ್ಕದಲ್ಲಿ, ಈ ರೋಗವಿರುವ ಮೂವತ್ತೈದು ವರ್ಷದೊಳಗಿನ ಸ್ತ್ರೀಯರಲ್ಲಿ ಥೈರಾಯಿಡಿನ ಏಡಿಗಂತಿಯ ಸಂಭವವು ಸಾಮಾನ್ಯರಿಗಿಂತ ಸುಮಾರು ೧೬೦ ಪಟ್ಟು ಹೆಚ್ಚೆಂದು ಕಂಡಿತು. ದಶಕಗಳ ದಾಖಲೆಯಿಲ್ಲದೆ ಇಂಥ ಲೆಕ್ಕ ಸಾಧ್ಯವಾಗುತ್ತಿರಲಿಲ್ಲ.

೩. ಜೀನಿನ ಕಾರ್ಯ

ಎರಡು ಅಂಗಗಳನ್ನು ಬೆಸೆಯುವ ಕೊಂಡಿಯು ಎ.ಪಿ.ಸಿ. ಎಂಬ ಜೀನು. ಐದನೆಯ ವರ್ಣತಂತುವಿನ ಉದ್ದನೆಯ ಬಾಹುವಿನಲ್ಲಿರುವ ಇದನ್ನು ೧೯೯೧ರಲ್ಲಿ ಪ್ರತ್ಯೇಕಿಸಲಾಯಿತು. ಜೀವಕೋಶದಲ್ಲಿ ಬೀಟಾ-ಕೆಟೆನಿನ್ ಎಂಬ ಪ್ರೋಟೀನು ಹೆಚ್ಚಾಗಿ ಸಂಗ್ರಹವಾಗದಂತೆ, ಅದನ್ನು ಒಡೆದುಹಾಕುವ ವ್ಯವಸ್ಥೆಯಲ್ಲಿ ಎ.ಪಿ.ಸಿ. ಜೀನಿನಿಂದ ತಯಾರಾದ ಪ್ರೋಟೀನು ಮುಖ್ಯ ಪಾತ್ರ ವಹಿಸುತ್ತದೆ. ಈ ಕಾವಲು ತಪ್ಪಿದರೆ ಬೀಟಾ-ಕೆಟೆನಿನ್ ಕೂಡಿಕೊಂಡು, ಕೋಶಕೇಂದ್ರವನ್ನು ಪ್ರವೇಶಿಸಿ, ಕೋಶವು ವಿಭಜನೆಯಾಗುತ್ತಲೇ ಇರಬೇಕೆಂಬ ಆಜ್ಞೆಯನ್ನು ನಡೆಸುತ್ತದೆ.

ಪ್ರತಿಯೊಂದು ಕೋಶದಲ್ಲಿಯೂ ಈ ಜೀನಿನ ಎರಡು ಪ್ರತಿಗಳಿವೆ. ರೋಗಿಗಳಲ್ಲಿ ಒಂದು ಪ್ರತಿಯು ಹುಟ್ಟಿನಿಂದಲೇ ಕೆಟ್ಟಿರುತ್ತದೆ. ಉಳಿದ ಒಂದು ಪ್ರತಿಯ ಬಲದಿಂದ ಕೋಶವು ಸರಿಯಾಗಿಯೇ ನಡೆಯುತ್ತಿರುತ್ತದೆ. ಯಾವುದೋ ಒಂದು ಕೋಶದಲ್ಲಿ ಆ ಎರಡನೆಯ ಪ್ರತಿಯೂ ಕೆಟ್ಟಾಗ ಗಂತಿಗೆ ಬೀಜ ಬಿದ್ದಂತಾಗುತ್ತದೆ. ಆಲ್‌ಫ್ರೆಡ್ ನಡ್ಸನ್ ಅವರು ೧೯೭೧ರಲ್ಲಿ ಕಣ್ಣಿನ ಒಂದು ಬಗೆಯ ಏಡಿಗಂತಿಯನ್ನು ಕುರಿತು ಮಂಡಿಸಿದ ‘ಎರಡು ಏಟು’ಗಳ ವಾದವು ಇಲ್ಲಿಯೂ ಅನ್ವಯಿಸುತ್ತದೆ. ಮೊದಲನೆಯ ಏಟು ದೇಹದ ಎಲ್ಲ ಕೋಶಗಳ ಮೇಲೂ ಬಿದ್ದಿರುವುದರಿಂದ, ಎರಡನೆಯ ಏಟು ಕರುಳಿನಲ್ಲಿ ಬೀಳುವಂತೆಯೇ ಥೈರಾಯಿಡಿನಲ್ಲಿಯೂ ಬೀಳಬಹುದು. ಗ್ರಂಥಿಯ ಒಂದಕ್ಕಿಂತ ಹೆಚ್ಚು ಸ್ಥಾನಗಳಲ್ಲಿ ಗಂತಿಗಳು ಸ್ವತಂತ್ರವಾಗಿ ಹುಟ್ಟುವುದಕ್ಕೂ ಇದೇ ಕಾರಣ.

ಹೀಗೆ ಹುಟ್ಟಿದ ಗಂತಿಗೆ ಸೂಕ್ಷ್ಮದರ್ಶಕದಲ್ಲಿ ತನ್ನದೇ ಆದ ರೂಪವುಂಟು. ಜರಡಿಯ ಕಣ್ಣುಗಳಂತೆ ತೂತುತೂತಾದ ಕೋಶಸಮೂಹವೂ, ನಡುನಡುವೆ ಸುರುಳಿಸುತ್ತಿದ ಕೋಶಗಳ ಚಿಕ್ಕ ಉಂಡೆಗಳೂ ಅದರ ಲಕ್ಷಣ. ೧೯೯೪ರಲ್ಲಿ ಹರಾಕ್ ಮತ್ತು ವಿಲಿಯಮ್ಸ್‌ದ್ವಯರು ಇದೊಂದು ವಿಶಿಷ್ಟ ಜಾತಿಯ ಗಂತಿಯೆಂದು ತೋರಿಸಿದರು. ೧೯೯೯ರಲ್ಲಿ ಕ್ಯಾಮೆಸೆಲ್ಯೆ-ಟೇಖೈರೊ ಮತ್ತು ಚಾನ್ ಅವರು ಇದಕ್ಕೆ ಕ್ರಿಬ್ರಿಫಾರ್ಮ್-ಮೊರುಲಾರ್ ಎಂಬ ಹೆಸರನ್ನಿತ್ತರು. ಬಹುಕಾಲ ಇದನ್ನು ಥೈರಾಯಿಡಿನ ಪ್ಯಾಪಿಲರಿ ಏಡಿಗಂತಿಯ ಒಂದು ಪ್ರಭೇದವೆಂದು ಎಣಿಸುತ್ತಿದ್ದರು. ವಿಶ್ವ ಆರೋಗ್ಯ ಸಂಸ್ಥೆಯ ೨೦೨೨ರ ವರ್ಗೀಕರಣದಲ್ಲಿ ಇದಕ್ಕೆ ಪ್ರತ್ಯೇಕ ಸ್ಥಾನ ದೊರೆತಿದೆ. ಈ ಗಂತಿಗೆ ತುತ್ತಾಗುವವರಲ್ಲಿ ಹತ್ತಕ್ಕೆ ಒಂಬತ್ತಕ್ಕೂ ಮೇಲ್ಪಟ್ಟು ಸ್ತ್ರೀಯರೇ, ಅದರಲ್ಲಿಯೂ ಮೂವತ್ತರ ಆಚೀಚಿನವರೇ, ಹೆಚ್ಚು. ಜೀನು ಗಂಡು ಹೆಣ್ಣುಗಳಿಗೆ ಸಮವಾಗಿ ಇಳಿದುಬಂದರೂ ಗಂತಿಯು ಹೀಗೆ ಪಕ್ಷಪಾತ ತೋರುವುದೇಕೆಂಬುದು ಇನ್ನೂ ಇತ್ಯರ್ಥವಾಗಿಲ್ಲ. ಗಂತಿಯ ಕೋಶಗಳಲ್ಲಿ ಸ್ತ್ರೀ ಹಾರ್ಮೋನುಗಳನ್ನು ಗ್ರಹಿಸುವ ಪ್ರೋಟೀನುಗಳು ಇರುವುದರಿಂದ ಆ ಹಾರ್ಮೋನುಗಳ ಪಾತ್ರವಿರಬಹುದೆಂದು ಊಹಿಸಲಾಗಿದೆ.

೪. ತಪಾಸಣೆಯ ಗುಣದೋಷ

ಸಂಬಂಧವು ಸ್ಥಿರಪಟ್ಟಿತು. ಹಾಗಾದರೆ ತಪಾಸಣೆಯ ವಿಷಯದಲ್ಲಿ ಸಂದೇಹವೇಕೆ? ರೋಗಲಕ್ಷಣವಿಲ್ಲದವರನ್ನು ಪರೀಕ್ಷೆಗೆ ಗುರಿಪಡಿಸುವ ಮೊದಲು ವಿಚಾರಿಸಬೇಕಾದ ಹತ್ತು ಅಂಶಗಳನ್ನು ವಿಲ್ಸನ್ ಮತ್ತು ಯುಂಗ್‌ನರ್ ಅವರು ವಿಶ್ವ ಆರೋಗ್ಯ ಸಂಸ್ಥೆಯ ಪರವಾಗಿ ೧೯೬೮ರಲ್ಲಿ ಪಟ್ಟಿ ಮಾಡಿದರು. ರೋಗವು ಗಣನೀಯವಾದುದಾಗಿರಬೇಕು, ಅದರ ಸಹಜ ಗತಿಯು ತಿಳಿದಿರಬೇಕು, ಒಪ್ಪಿತವಾದ ಚಿಕಿತ್ಸೆಯಿರಬೇಕು, ಯಾರಿಗೆ ಚಿಕಿತ್ಸೆ ಕೊಡಬೇಕೆಂಬ ವಿಷಯದಲ್ಲಿ ನಿಶ್ಚಿತ ನೀತಿಯಿರಬೇಕು ಎಂಬಿವು ಅವುಗಳಲ್ಲಿ ಕೆಲವು. ಕಂಡುಹಿಡಿಯಲು ಸಾಧ್ಯವೆಂಬ ಒಂದೇ ಕಾರಣದಿಂದ ಹುಡುಕಹೊರಡುವುದು ಸಾಧುವಲ್ಲವೆಂಬುದೇ ಅವರ ಮಾತಿನ ಸಾರ.

ಇದನ್ನು ಮರೆತರೆ ಆಗುವ ಅನರ್ಥಕ್ಕೆ ದಕ್ಷಿಣ ಕೊರಿಯಾ ನಿದರ್ಶನ. ಅಲ್ಲಿಯ ಸರ್ಕಾರ ೧೯೯೯ರಲ್ಲಿ ಹಲವು ಬಗೆಯ ಏಡಿಗಂತಿಗಳಿಗೆ ರಾಷ್ಟ್ರೀಯ ತಪಾಸಣೆಯನ್ನು ಆರಂಭಿಸಿತು. ಥೈರಾಯಿಡ್ ಆ ಪಟ್ಟಿಯಲ್ಲಿರಲಿಲ್ಲ. ಆದರೆ ಸ್ವಲ್ಪ ಹೆಚ್ಚು ಹಣಕ್ಕೆ ಕೊರಳಿನ ಅಲ್ಟ್ರಾಸೌಂಡ್ ಪರೀಕ್ಷೆಯನ್ನೂ ಮಾಡಿಕೊಡುವುದು ವಾಡಿಕೆಯಾಯಿತು. ೨೦೧೧ರ ವೇಳೆಗೆ ಥೈರಾಯಿಡಿನ ಏಡಿಗಂತಿಯೆಂದು ಗುರುತಿಸಲ್ಪಟ್ಟವರ ಪ್ರಮಾಣವು ೧೯೯೩ರಲ್ಲಿದ್ದುದರ ಹದಿನೈದು ಪಟ್ಟಾಯಿತು. ಆದರೆ ಆ ರೋಗದಿಂದ ಸಾಯುವವರ ಪ್ರಮಾಣವು ಇದ್ದಂತೆಯೇ ಇತ್ತು. ಎಂದರೆ, ಹೊಸದಾಗಿ ಕಂಡುಹಿಡಿದ ಗಂತಿಗಳಲ್ಲಿ ಬಹುಪಾಲು ಯಾರಿಗೂ ಯಾವ ತೊಂದರೆಯನ್ನೂ ಕೊಡದೆ ಜೀವಮಾನವಿಡೀ ಸುಮ್ಮನಿರುತ್ತಿದ್ದುವು. ಅವುಗಳಿಗಾಗಿ ಸಹಸ್ರಾರು ಜನ ಗ್ರಂಥಿಯನ್ನು ಕಳೆದುಕೊಂಡು, ಜೀವನಪರ್ಯಂತ ಹಾರ್ಮೋನಿನ ಮಾತ್ರೆಗೆ ಅಧೀನರಾದರು. ಕೆಲವರಿಗೆ ಧ್ವನಿಯ ನರಕ್ಕೆ ಪೆಟ್ಟು ಬಿದ್ದು ಕಂಠ ಕೆಟ್ಟಿತು. ಕೆಲವರಿಗೆ ಪಕ್ಕದ ಪುಟ್ಟ ಗ್ರಂಥಿಗಳು ಹಾಳಾಗಿ ರಕ್ತದ ಸುಣ್ಣದಂಶ ಇಳಿಯಿತು. ಇದನ್ನು ಅತಿನಿದಾನವೆಂದು ಕರೆಯಬಹುದು. ೨೦೧೭ರಲ್ಲಿ ಅಮೆರಿಕದ ನಿವಾರಕ ಸೇವೆಗಳ ಕಾರ್ಯತಂಡವು, ರೋಗಲಕ್ಷಣವಿಲ್ಲದ ವಯಸ್ಕರಿಗೆ ಥೈರಾಯಿಡಿನ ತಪಾಸಣೆ ಮಾಡಕೂಡದೆಂದು ಸ್ಪಷ್ಟವಾಗಿ ಹೇಳಿತು. ಆದರೆ ಕೌಟುಂಬಿಕ ಪಾಲಿಪು ರೋಗದಂಥ ಆನುವಂಶಿಕ ರೋಗವುಳ್ಳವರಿಗೆ ಈ ನಿಷೇಧವು ಅನ್ವಯಿಸುವುದಿಲ್ಲವೆಂದೂ ಅದರಲ್ಲಿಯೇ ಸೇರಿಸಿತು.

೫. ಆಯ್ದ ಗುಂಪಿನಲ್ಲಿ ತಪಾಸಣೆ

ಈ ವಿನಾಯಿತಿಗೆ ಕಾರಣವು ಲೆಕ್ಕದಲ್ಲಿದೆ. ಅಮೆರಿಕದ ಕ್ಲೀವ್‌ಲೆಂಡಿನಲ್ಲಿ ೧೯೨ ಮಂದಿ ಪಾಲಿಪು ರೋಗಿಗಳ ಕೊರಳನ್ನು ಅಲ್ಟ್ರಾಸೌಂಡಿನಿಂದ ಪರೀಕ್ಷಿಸಿ ೨೦೧೧ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ೭೨ ಮಂದಿಯಲ್ಲಿ ಗಂಟುಗಳು ಕಂಡುವು. ಅವರಲ್ಲಿ ೫ ಮಂದಿಗೆ ಏಡಿಗಂತಿಯಿತ್ತು. ಶೇಕಡಾ ಲೆಕ್ಕದಲ್ಲಿ ಇದು ೨.೬. ಬೇರೊಂದು ಚಿಕ್ಕ ಗುಂಪಿನಲ್ಲಿ, ೫೧ ಮಂದಿಯನ್ನು ಪರೀಕ್ಷಿಸಿದ ೨೦೦೭ರ ವರದಿಯಲ್ಲಿ, ಶೇಕಡಾ ೧೨ರಷ್ಟು ಕಂಡಿತ್ತು. ಗುಂಪು ಚಿಕ್ಕದಾದಷ್ಟೂ ಪ್ರಮಾಣವು ಏರುಪೇರಾಗುವುದು ಸಹಜವಾದುದರಿಂದ, ಶೇಕಡಾ ಎರಡು ಮೂರರ ಅಂದಾಜೇ ಹೆಚ್ಚು ನಂಬಲರ್ಹ. ಬಹುಮಟ್ಟಿಗೆ ಯುವಜನರೇ ಇರುವ ಗುಂಪಿನಲ್ಲಿ ಇದು ಸಾಮಾನ್ಯರಿಗಿಂತ ಬಹಳ ಹೆಚ್ಚು.

ಇದೇ ಅಂಕಿಗಳನ್ನು ಇನ್ನೊಂದು ದಿಕ್ಕಿನಿಂದಲೂ ನೋಡಬೇಕು. ಗಂಟು ಕಂಡ ಸುಮಾರು ಹದಿನಾಲ್ಕು ಮಂದಿಯಲ್ಲಿ ಒಬ್ಬರಿಗೆ ಮಾತ್ರ ಏಡಿಗಂತಿ; ಉಳಿದ ಹದಿಮೂರು ಮಂದಿಯ ಗಂಟು ನಿರುಪದ್ರವಿ. ಈಗಾಗಲೇ ದೊಡ್ಡ ಶಸ್ತ್ರಚಿಕಿತ್ಸೆಯನ್ನು ಅನುಭವಿಸಿ, ತಂದೆಯನ್ನೋ ತಾಯಿಯನ್ನೋ ಏಡಿಗಂತಿಗೆ ಕಳೆದುಕೊಂಡಿರಬಹುದಾದ ಒಬ್ಬ ತರುಣಿಗೆ, ‘ಕೊರಳಿನಲ್ಲಿ ಗಂಟಿದೆ’ ಎಂಬ ಮಾತು ಎಂಥ ಭೀತಿಯನ್ನುಂಟುಮಾಡುವುದೆಂದು ಬೇರೆ ಹೇಳಬೇಕಾಗಿಲ್ಲ. ಅಲ್ಲದೆ ಪಾಲಿಪು ರೋಗಿಗಳಲ್ಲಿ ಕಾಣುವ ಥೈರಾಯಿಡಿನ ಏಡಿಗಂತಿಯು ಸಾಮಾನ್ಯವಾಗಿ ಸೌಮ್ಯ ಸ್ವಭಾವದ್ದು. ಚಿಕಿತ್ಸೆಯ ಫಲವು ಬಹಳ ಚೆನ್ನಾಗಿರುತ್ತದೆ. ದೊಡ್ಡ ಕರುಳನ್ನು ತೆಗೆದ ಮೇಲೆ ಈ ರೋಗಿಗಳ ಮರಣಕ್ಕೆ ಮುಖ್ಯ ಕಾರಣವಾಗುವುವು ಸಣ್ಣ ಕರುಳಿನ ಮೊದಲ ಭಾಗದ ಏಡಿಗಂತಿ ಮತ್ತು ಹೊಟ್ಟೆಯೊಳಗೆ ಹಬ್ಬುವ ಡೆಸ್ಮಾಯಿಡ್ ಗಂತಿಗಳೇ ಹೊರತು ಥೈರಾಯಿಡಲ್ಲ. ಆದುದರಿಂದ ತಪಾಸಣೆಯ ಪ್ರಯೋಜನವನ್ನು ಉಳಿಸಿದ ಪ್ರಾಣಗಳಿಂದ ಅಳೆಯುವುದು ಕಷ್ಟ. ಗಂತಿಯು ಚಿಕ್ಕದಾಗಿರುವಾಗಲೇ ತಿಳಿದು, ಕುತ್ತಿಗೆಯ ದುಗ್ಧಗ್ರಂಥಿಗಳಿಗೆ ಹಬ್ಬುವ ಮೊದಲು, ಹಗುರವಾದ ಚಿಕಿತ್ಸೆಯಿಂದ ಮುಗಿಸಬಹುದೆಂಬುದೇ ಅದರ ಪರವಾದ ವಾದ.

ಈ ಕಾರಣದಿಂದಲೇ ತಜ್ಞರ ಸಲಹೆಗಳು ಏಕರೂಪವಾಗಿಲ್ಲ. ಅಮೆರಿಕದ ಜಠರ ಮತ್ತು ಕರುಳಿನ ತಜ್ಞರ ಕಾಲೇಜು ೨೦೧೫ರಲ್ಲಿ ವರ್ಷಕ್ಕೊಮ್ಮೆ ಅಲ್ಟ್ರಾಸೌಂಡ್ ಪರೀಕ್ಷೆಯನ್ನು ಸೂಚಿಸಿತು. ಆ ದೇಶದ ಏಡಿಗಂತಿ ಆಸ್ಪತ್ರೆಗಳ ಒಕ್ಕೂಟವು, ಹದಿಹರೆಯದ ಕೊನೆಯಲ್ಲಿ ಒಂದು ಪರೀಕ್ಷೆಯನ್ನು ಮಾಡಿ, ಅದು ನಿರ್ದೋಷವಾಗಿದ್ದರೆ ಎರಡರಿಂದ ಐದು ವರ್ಷಗಳಿಗೊಮ್ಮೆ ಮತ್ತೆ ಮಾಡಿದರೆ ಸಾಕೆಂಬ ಮಿತವಾದ ಮಾರ್ಗವನ್ನು ಹಿಡಿದಿದೆ. ವಾಡಿಕೆಯ ತಪಾಸಣೆಗೆ ಸಾಕಷ್ಟು ಆಧಾರವಿಲ್ಲವೆನ್ನುವ ತಜ್ಞರೂ ಇದ್ದಾರೆ. ಹಿಂದೆ ಉದಾಹರಿಸಿದ ಅಂಕಿಗಳಿಗೆ ಮಧ್ಯಮ ಮಾರ್ಗವೇ ಹೆಚ್ಚು ಹೊಂದುತ್ತದೆಂದು ನಮಗೆ ತೋರುತ್ತದೆ.

ಪರೀಕ್ಷೆಯು ಸರಳವಾದುದು. ಶ್ರವಣಾತೀತ ಧ್ವನಿಯ ಅಲೆಗಳಿಂದ ಗ್ರಂಥಿಯ ಚಿತ್ರವನ್ನು ಪಡೆಯುವುದರಿಂದ ನೋವೂ ಇಲ್ಲ, ವಿಕಿರಣದ ಭಯವೂ ಇಲ್ಲ. ಕೈಯಿಂದ ಒತ್ತಿ ನೋಡುವುದರಿಂದ ಸಣ್ಣ ಗಂಟುಗಳು ತಿಳಿಯುವುದಿಲ್ಲ. ಗ್ರಂಥಿಯ ಕಾರ್ಯವು ಕೆಡದೆಯೇ ಗಂತಿ ಬೆಳೆಯಬಹುದಾದ ಕಾರಣ ರಕ್ತದ ಹಾರ್ಮೋನು ಪರೀಕ್ಷೆಯಿಂದಲೂ ಇದು ಗೊತ್ತಾಗುವುದಿಲ್ಲ. ಸಂಯಮ ಬೇಕಾಗುವುದು ಗಂಟು ಕಂಡ ಮೇಲೆ. ಗಂಟು ಸುಮಾರು ಒಂದು ಸೆಂಟಿಮೀಟರಿಗಿಂತ ದೊಡ್ಡದಾಗಿದ್ದು ಅದರ ರೂಪವೂ ಅನುಮಾನಾಸ್ಪದವಾಗಿದ್ದಲ್ಲಿ ಸಣ್ಣ ಸೂಜಿಯಿಂದ ಕೋಶಗಳನ್ನು ಸೆಳೆದು ಪರೀಕ್ಷಿಸುವುದು, ಅಲ್ಲದಿದ್ದಲ್ಲಿ ಕಾದು ನೋಡುವುದು ಸಾಮಾನ್ಯ ಕ್ರಮ.

ಪಾಲಿಪುಗಳನ್ನುಂಟುಮಾಡುವ ಆನುವಂಶಿಕ ರೋಗಗಳೆಲ್ಲಕ್ಕೂ ಒಂದೇ ನಿಯಮ ಸಲ್ಲದೆಂಬುದಕ್ಕೆ ಕೌಡನ್ ರೋಗವು ಉದಾಹರಣೆ. ೧೯೬೩ರಲ್ಲಿ ವರ್ಣಿತವಾಗಿ, ರೋಗಿಯ ಮನೆತನದ ಹೆಸರನ್ನೇ ಹೊತ್ತ ಈ ರೋಗವು ಹತ್ತನೆಯ ವರ್ಣತಂತುವಿನ ಪಿಟೆನ್ ಎಂಬ ಜೀನಿನ ದೋಷದಿಂದ ಬರುತ್ತದೆಂದು ೧೯೯೭ರಲ್ಲಿ ತಿಳಿಯಿತು. ಇಲ್ಲಿ ಕರುಳಿನ ಪಾಲಿಪುಗಳು ಬೇರೆ ಜಾತಿಯವು; ಅಷ್ಟು ಅಪಾಯಕಾರಿಗಳಲ್ಲ. ಆದರೆ ಥೈರಾಯಿಡಿನ ಏಡಿಗಂತಿಯ ಸಂಭವವು ಜೀವಮಾನದಲ್ಲಿ ಶೇಕಡಾ ೩೫ರವರೆಗೂ ಇರಬಹುದೆಂದು ಅಂದಾಜು ಮಾಡಲಾಗಿದೆ. ಆದುದರಿಂದ ಇಲ್ಲಿ ತಪಾಸಣೆಯ ಅಗತ್ಯವು ಹೆಚ್ಚು ಸ್ಪಷ್ಟ. ಬಾಲ್ಯದಿಂದಲೇ ವರ್ಷವರ್ಷವೂ ಅದನ್ನು ನಡೆಸಬೇಕೆಂಬ ಸಲಹೆಯೂ ಇದೆ.

೬. ಕೊರಳಿನಿಂದ ಕರುಳಿಗೆ

ಈವರೆಗೆ ಕರುಳಿನ ರೋಗವು ಕೊರಳಿನ ಪರೀಕ್ಷೆಗೆ ದಾರಿ ತೋರುವ ಬಗೆಯನ್ನು ನೋಡಿದೆವು. ದಾರಿಯು ಹಿಮ್ಮುಖವಾಗಿಯೂ ನಡೆಯುತ್ತದೆ. ಪ್ರಾಣರಕ್ಷಣೆಯ ದೃಷ್ಟಿಯಿಂದ ಅದೇ ಹೆಚ್ಚು ಬೆಲೆಯುಳ್ಳದ್ದು. ಈ ರೋಗಿಗಳಲ್ಲಿ ಸುಮಾರು ಮೂರನೆಯ ಒಂದು ಭಾಗದವರಿಗೆ, ಕರುಳಿನಲ್ಲಿ ಪಾಲಿಪುಗಳಿವೆಯೆಂದು ತಿಳಿಯುವ ಮೊದಲೇ ಥೈರಾಯಿಡಿನ ಗಂತಿ ಪತ್ತೆಯಾಗಿರುವುದುಂಟು. ಕೊರಳಿನ ಗಂಟಿಗಾಗಿ ಮಾತ್ರ ವೈದ್ಯರ ಬಳಿಗೆ ಬಂದ ತರುಣಿಯ ಗ್ರಂಥಿಯಲ್ಲಿ, ಹಿಂದೆ ಹೇಳಿದ ಜರಡಿಯ ರೂಪವು ಸೂಕ್ಷ್ಮದರ್ಶಕದಲ್ಲಿ ಕಂಡು, ಕೋಶಕೇಂದ್ರದಲ್ಲಿ ಬೀಟಾ-ಕೆಟೆನಿನ್ ಶೇಖರವಾಗಿರುವುದೂ ಬಣ್ಣದ ಪರೀಕ್ಷೆಯಿಂದ ತಿಳಿದರೆ, ಆಗ ರೋಗನಿದಾನ ತಜ್ಞರು ತಮ್ಮ ವರದಿಯನ್ನು ಗಂತಿಯ ಹೆಸರಿನೊಂದಿಗೆ ಮುಗಿಸಕೂಡದು. ದೊಡ್ಡ ಕರುಳನ್ನು ಪರೀಕ್ಷಿಸಬೇಕು, ಜೀನಿನ ಪರೀಕ್ಷೆಗೆ ಸಲಹೆ ಪಡೆಯಬೇಕು ಎಂಬ ಎರಡು ಮಾತುಗಳನ್ನು ಸೇರಿಸಬೇಕು. ಇಂಥ ಗಂತಿಯಿರುವವರೆಲ್ಲರಿಗೂ ಪಾಲಿಪು ರೋಗವಿರುವುದಿಲ್ಲ. ಸುಮಾರು ಅರ್ಧದಷ್ಟು ಜನರಲ್ಲಿ ಗಂತಿಯು ಒಂಟಿಯಾಗಿ ಬಂದಿರುತ್ತದೆ. ಆದರೆ ಉಳಿದ ಅರ್ಧದಷ್ಟು ಜನರಿಗೆ ಆ ಎರಡು ಮಾತುಗಳು ಅವರ ಆಯುಷ್ಯವನ್ನೇ ಉಳಿಸಬಲ್ಲುವು. ಏಕೆಂದರೆ ಅವರನ್ನು ಕೊಲ್ಲಬಹುದಾದ ರೋಗವು ಕೊರಳಿನಲ್ಲಿಲ್ಲ, ಕರುಳಿನಲ್ಲಿದೆ.

ಒಬ್ಬರಲ್ಲಿ ಜೀನಿನ ದೋಷವು ಗೊತ್ತಾದ ಮೇಲೆ ಅವರ ಒಡಹುಟ್ಟಿದವರನ್ನೂ ಮಕ್ಕಳನ್ನೂ ರಕ್ತಪರೀಕ್ಷೆಯಿಂದ ವಿಂಗಡಿಸಬಹುದು. ದೋಷವು ಇಳಿದುಬಂದಿಲ್ಲವೆಂದು ನಿಶ್ಚಯವಾದವರಿಗೆ ಕರುಳಿನ ವಿಶೇಷ ಪರೀಕ್ಷೆಯೂ ಬೇಡ, ಕೊರಳಿನದೂ ಬೇಡ. ಯಾರನ್ನು ಪರೀಕ್ಷಿಸಬೇಕೆಂದು ತಿಳಿಯುವಷ್ಟೇ ಯಾರನ್ನು ಪರೀಕ್ಷಿಸಬೇಕಾಗಿಲ್ಲವೆಂದು ತಿಳಿಯುವುದೂ ತಳಿಶಾಸ್ತ್ರದ ಉಪಕಾರವೇ.

ಹೊಟ್ಟೆಯ ರೋಗಕ್ಕೂ ಕೊರಳಿಗೂ ಏನು ಸಂಬಂಧವೆಂದು ಕೇಳಿದ ಮನೆಯವರಿಗೆ ಈಗ ಉತ್ತರ ಹೇಳಬಹುದು. ಎರಡಕ್ಕೂ ಮೂಲವಾದ ಜೀನು ಒಂದೇ. ಅದು ಕೆಟ್ಟಿರುವವರಲ್ಲಿ, ವಿಶೇಷವಾಗಿ ಎಳೆಯ ಸ್ತ್ರೀಯರಲ್ಲಿ, ಕೊರಳನ್ನು ಆಗಾಗ ನೋಡುವುದು ಯುಕ್ತ. ಆದರೆ ಕಂಡ ಗಂಟುಗಳಲ್ಲಿ ಬಹುಪಾಲು ನಿರುಪದ್ರವಿಗಳೆಂಬುದನ್ನು ಪರೀಕ್ಷೆಗೆ ಮುಂಚೆಯೇ ಅವರಿಗೆ ತಿಳಿಸಿ ಹೇಳುವುದು ಅಷ್ಟೇ ಅಗತ್ಯ. ಆ ಜೀನು ಸರಿಯಾಗಿರುವ ನೆರೆಮನೆಯವರು ಇವರನ್ನು ನೋಡಿ ತಾವೂ ಅದೇ ಪರೀಕ್ಷೆಗೆ ಹೊರಟರೆ ಲಾಭಕ್ಕಿಂತ ನಷ್ಟವೇ ಹೆಚ್ಚು. ಉಪಕರಣವು ಇಬ್ಬರಿಗೂ ಒಂದೇ. ಹಿತಾಹಿತಗಳನ್ನು ನಿರ್ಧರಿಸುವುದು ಅದನ್ನು ಯಾರ ಮೇಲೆ ಬಳಸುತ್ತೇವೆಂಬ ವಿವೇಕ.